ಕಿಲೋಮೀಟರ್ ನೋಡಿದೆ, ಗಂಟೆ ನೋಡಲಿಲ್ಲ

ಭರತ ಹುಣ್ಣಿಮೆ ಕಳೆದು ಮೈಲಾರದಲ್ಲಿ ಕಾರ್ಣಿಕ. ಗೊರವಯ್ಯ ನುಡಿದದ್ದನ್ನು ಡೆಸ್ಕಿಗೆ ಕಳಿಸಿ ನೀಲಗುಂದಕ್ಕೆ ಹೊರಟಿದ್ದೆ. ಜಾತ್ರೆಯ ಸಾಲಿನಿಂದ ಬಿಡಿಸಿಕೊಂಡು ಸ್ಪೀಡ್ ಹಿಡಿದ ಮೇಲೆ ಬಾನೆಟ್ ಒಳಗಿಂದ ಸಣ್ಣ ಸಿಳ್ಳೆ ಸದ್ದು. ಗಾಳಿ ಇರಬೇಕು ಅಂದುಕೊಂಡೆ. ಆಮೇಲೆ ಹಿಂದೆ ನೀಲಿ ಹೊಗೆ. ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಡಬ್ಬಿಯ ಗುರುತಿನ ಕೆಂಪು ದೀಪ.

ಆ ದೀಪ ಹತ್ತಿದ ಮೇಲೆ ಒಂದು ಫರ್ಲಾಂಗ್ ಕೂಡ ಓಡಿಸಬಾರದು. ನಾನು ನಾಲ್ಕು ಕಿಲೋಮೀಟರ್ ಓಡಿಸಿದೆ. ಕತ್ತಲಾಗಿತ್ತು, ನಡುದಾರಿಯಲ್ಲಿ ನಿಲ್ಲಲು ಧೈರ್ಯವಿರಲಿಲ್ಲ.

ಮರುದಿನ ಹರಪನಹಳ್ಳಿಯ ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಮೆಕ್ಯಾನಿಕ್ ಟ್ಯಾಪೆಟ್ ಕವರ್ ಬಿಚ್ಚಿ ಒಳಗೆ ಬೆರಳಾಡಿಸಿ ನನ್ನ ಮುಂದೆ ಹಿಡಿದ. "ಇದು ಎಣ್ಣಿ ಅಲ್ಲ ಸರ, ಡಾಂಬರು." ಗ್ರೀಸಿಗಿಂತ ಗಟ್ಟಿಯಾದ ಕರಿ ಮುದ್ದೆ. ಕೆಳಗಿನ ಚೇಂಬರ್ ಇಳಿಸಿದಾಗ ಎಣ್ಣೆ ಎಳೆಯುವ ಪೈಪಿನ ಜಾಲರಿ ಮುಕ್ಕಾಲು ಪಾಲು ಮುಚ್ಚಿಹೋಗಿತ್ತು. ಚೇಂಬರಿನಲ್ಲಿ ಎಣ್ಣೆ ಇತ್ತು, ಮೇಲಕ್ಕೆ ಹೋಗಲು ದಾರಿ ಇರಲಿಲ್ಲ. ಟರ್ಬೊದ ಶಾಫ್ಟ್ ಕೈಯಲ್ಲಿ ಹಿಡಿದರೆ ಅಲ್ಲಾಡುತ್ತಿತ್ತು. ಟರ್ಬೊ ರಿಪೇರಿ, ಕ್ಲೀನಿಂಗ್, ಕೂಲಿ ಸೇರಿ 38 ಸಾವಿರ ರೂಪಾಯಿ. ಸುದ್ದಿಗೆ ಇಷ್ಟು ಅಂತ ಲೆಕ್ಕದಲ್ಲಿ ದುಡಿಯುವವರಿಗೆ ಇದು ಎಷ್ಟು ತಿಂಗಳ ಮೊತ್ತ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹೆಂಡತಿ ಚೀಟಿ ಎತ್ತಿಕೊಟ್ಟಳು.

ತಪ್ಪು ಕಾರಿನದ್ದಲ್ಲ. ದಾವಣಗೆರೆಯಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಡೀಸೆಲ್ ಗಾಡಿ. 10 ಸಾವಿರ ಕಿ.ಮೀ.ಗೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಆಗ ಎಣ್ಣೆ ಬದಲಿಸಿ ಎಂದು ಪುಸ್ತಕದಲ್ಲಿತ್ತು. ನಾನು ಕಿಲೋಮೀಟರ್ ಮಾತ್ರ ಓದಿದೆ, ಅದನ್ನೂ "ಪೇಮೆಂಟ್ ಬರಲಿ" ಅಂತ 14 ಸಾವಿರದವರೆಗೆ ಎಳೆದೆ.

ಸುದ್ದಿ ಕೇಳಿ ಅಪ್ಪ ಬೈಯಲಿಲ್ಲ. ಒಂದೇ ಮಾತು ಅಂದರು: "ಟ್ರ್ಯಾಕ್ಟರಿಗೆ ಗಂಟಿ ಲೆಕ್ಕ ಐತಪ್ಪಾ. ನಿನ್ನ ಕಾರು ನಿಂತಲ್ಲೇ ಗುರ್ ಅಂತಿರ್ತೈತಿ, ಅದನ್ನ ಯಾರು ಎಣಸ್ತಾರ?"

ನಮ್ಮ ಟ್ರ್ಯಾಕ್ಟರಿಗೆ 250 ಗಂಟೆಗೊಮ್ಮೆ ಎಣ್ಣೆ ಬದಲಿ. ಮೀಟರ್ ಗಂಟೆಯನ್ನೇ ತೋರಿಸುತ್ತದೆ. ಕಾರಿಗೆ ಅದೇ ಲೆಕ್ಕ ಹಾಕಿ ನೋಡಿದೆ. ಗಂಟೆಗೆ ಸರಾಸರಿ 50 ಕಿ.ಮೀ. ಓಡಿದರೆ 10 ಸಾವಿರ ಕಿ.ಮೀ.ಗೆ 200 ಗಂಟೆ. ನನ್ನ ಸರಾಸರಿ 20 ದಾಟುವುದಿಲ್ಲ, ಅಂದರೆ 500 ಗಂಟೆ. ನೀಲಗುಂದದಿಂದ ಪಕ್ಕದ ಊರಿನ ಗ್ರಾಮಸಭೆಗೆ, ಅಲ್ಲಿಂದ ತಾಲ್ಲೂಕು ಕಚೇರಿಗೆ. ಎಂಜಿನ್ ಕಾಯುವಷ್ಟರಲ್ಲಿ ಊರು ಬಂದಿರುತ್ತದೆ. ಬಿಸಿಲಿಗೆ ಎ.ಸಿ. ಹಾಕಿಕೊಂಡು ಕಾರಲ್ಲೇ ಕೂತು ಸುದ್ದಿ ಟೈಪ್ ಮಾಡುವುದು ಬೇರೆ. ಎಂಜಿನ್ ಪೂರ್ತಿ ಕಾಯದಿದ್ದರೆ ಒಳಗಿನ ತೇವ ಮತ್ತು ಸುಡದೆ ಉಳಿದ ಡೀಸೆಲ್ ಎಣ್ಣೆಗೇ ಸೇರುತ್ತವೆ. ಮಸಿಯೂ ಕೂಡಿಕೊಂಡು ಎಣ್ಣೆ ಮಂದವಾಗುತ್ತದೆ.

ಇನ್ನೊಂದು ಕಡೆ ದೂರದ ಓಟ. 1997ರಲ್ಲಿ ಹರಪನಹಳ್ಳಿಯನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದರು, 2018ರಲ್ಲಿ ಬಳ್ಳಾರಿಗೆ ಮರಳಿಸಿದರು, 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಹೋರಾಟ ಮಾಡಿದವರಿಗೆ ಅದರ ಕಾರಣ ಗೊತ್ತು, ನನಗಂತೂ ಡಿ.ಸಿ. ಆಫೀಸು ದೂರವಾಯಿತು. ಪ್ರೆಸ್‌ಮೀಟ್‌ಗೆ ತಡವಾಯಿತೆಂದು ಹೊಸಪೇಟೆವರೆಗೆ ಓಡಿಸಿಕೊಂಡು ಹೋಗಿ, ಗೇಟಿನಲ್ಲಿ ಬ್ರೇಕ್ ಹಾಕಿ, ಅದೇ ಕ್ಷಣ ಕೀಲಿ ತಿರುಗಿಸಿ ಇಳಿಯುತ್ತಿದ್ದೆ. ಟರ್ಬೊಗೆ ಇದಕ್ಕಿಂತ ಕೆಟ್ಟದ್ದಿಲ್ಲವಂತೆ. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ತೆಳುವಾದ ಎಣ್ಣೆ ಪದರದ ಮೇಲೆ ತೇಲುತ್ತಾ. ಆ ಎಣ್ಣೆಯೇ ಅದನ್ನು ತಂಪು ಮಾಡಬೇಕು. ಎಂಜಿನ್ ನಿಂತರೆ ಎಣ್ಣೆಯ ಹರಿವೂ ನಿಲ್ಲುತ್ತದೆ, ಟರ್ಬೊ ಮಾತ್ರ ಕಾದೇ ಇರುತ್ತದೆ. ಒಳಗುಳಿದ ಎಣ್ಣೆ ಬಾಣಲೆಯ ತಳದಂತೆ ಸೀದು ಕರಿಕಟ್ಟುತ್ತದೆ.

ನನ್ನಂಥ ಸೋಮಾರಿಗಳಿಗಷ್ಟೇ ಆಗುವ ಕಾಯಿಲೆ ಇದಲ್ಲ ಎಂದು ಆಮೇಲೆ ತಿಳಿಯಿತು. 2004ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಅಮೆರಿಕದಲ್ಲಿ ತನ್ನ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ ಪಸಾಟ್ ಕಾರುಗಳಿಗೆ ಇದೇ ತೊಂದರೆಗಾಗಿ ವಾರಂಟಿಯನ್ನು 8 ವರ್ಷಕ್ಕೆ ಏರಿಸಬೇಕಾಯಿತು. ಆದರೆ ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸಿದ್ದಕ್ಕೆ ದಾಖಲೆ ಇರಬೇಕಿತ್ತು. ನನ್ನ ಹತ್ತಿರ ಒಂದೇ ಒಂದು ಬಿಲ್ಲೂ ಇರಲಿಲ್ಲ.

ಈಗ 5 ಸಾವಿರ ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದಕ್ಕೆ ಬದಲಿಸುತ್ತೇನೆ, ಫಿಲ್ಟರ್ ಸಮೇತ. ಪುಸ್ತಕದಲ್ಲಿ ಹೇಳಿದ ಗ್ರೇಡೇ ಹಾಕಿಸುತ್ತೇನೆ, ಅಂಗಡಿಯವರು "ಇದೂ ನಡೀತದೆ ಸರ" ಅಂದರೂ ಕೇಳುವುದಿಲ್ಲ. ಜೋರಾಗಿ ಓಡಿಸಿ ಬಂದ ದಿನ ಒಂದೆರಡು ನಿಮಿಷ ಐಡ್ಲಿಂಗ್ ಬಿಟ್ಟೇ ಆಫ್ ಮಾಡುತ್ತೇನೆ. ಧೂಳಿನ ದಾರಿಯಾದ್ದರಿಂದ ಏರ್ ಫಿಲ್ಟರನ್ನೂ ಬೇಗ ನೋಡಿಸುತ್ತೇನೆ. ಡೀಸೆಲ್ ಎಂಜಿನ್ನಿನ ಎಣ್ಣೆ ಹಾಕಿದ ಸ್ವಲ್ಪ ದಿನಕ್ಕೇ ಕಪ್ಪಾಗುವುದು ಸಹಜ, ಅದಕ್ಕೆ ಹೆದರಬೇಡಿ. ಎಣ್ಣೆ ತುಂಬುವ ಮುಚ್ಚಳ ತಿರುಗಿಸಿ ಅಡಿ ನೋಡಿ, ಕೆನೆಯಂಥದ್ದೋ ಕರಿ ಮುದ್ದೆಯೋ ಅಂಟಿದ್ದರೆ ಆಗ ಹೆದರಿ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ತಾನಾಗೇ ಏರಿದ್ದರೆ ಖುಷಿಪಡಬೇಡಿ, ಡೀಸೆಲ್ ಸೇರಿರಬಹುದು. ಡಿಪಿಎಫ್ ಇರುವ ಬಿಎಸ್‌6 ಗಾಡಿಗಳಲ್ಲಿ ಸಣ್ಣ ಓಟಕ್ಕೆ ಹೀಗಾಗುವುದುಂಟು.

ಯಾರೋ ಸೀಮೆಎಣ್ಣೆ ಹಾಕಿ ಫ್ಲಶ್ ಮಾಡಿಸು ಎಂದರು. ಮೆಕ್ಯಾನಿಕ್ ಬೇಡವೇ ಬೇಡ ಅಂದ. ಗಟ್ಟಿ ಮುದ್ದೆ ಒಮ್ಮೆಲೇ ಕಳಚಿ ಅದೇ ಜಾಲರಿಗೆ ಬಂದು ಕೂರುತ್ತದಂತೆ. ಚೇಂಬರ್ ಇಳಿಸಿ ಕೈಯಿಂದಲೇ ಬಳಿದ, ಎರಡು ದಿನ ಹಿಡಿಯಿತು.

ಸುದ್ದಿಯನ್ನು ಈಗ ಭೀಮೇಶ್ವರ ಗುಡಿಯ ನೆರಳಲ್ಲಿ ಕೂತು ಟೈಪ್ ಮಾಡುತ್ತೇನೆ, ಎಂಜಿನ್ ಆಫ್. ಭಾನುವಾರ ಅಪ್ಪ ಕೀಲಿ ಇಸಿದುಕೊಂಡು ಬಾನೆಟ್ ಎತ್ತಿ, ನನ್ನ ಸುದ್ದಿ ಬಂದ ಹಳೇ ಪೇಪರಿನಲ್ಲೇ ಡಿಪ್‌ಸ್ಟಿಕ್ ಒರೆಸಿ ನೋಡುತ್ತಾರೆ. ಚೀಟಿಯ ಕಂತು ಇನ್ನೂ ಐದು ಬಾಕಿ ಇದೆ.