ಬಿಸಿಲಿಗೆ ಹೋಗ್ಬೇಡ್ವೇ...

ಹೋದ ತಿಂಗಳು ಒಂದು ರಾತ್ರಿ ದಾವಣಗೆರೆಯಿಂದ ಅಕ್ಕನ ಫೋನು. "ಪುಟ್ಟಿ ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ ಕಣೇ. ಕತ್ತು ಬೇರೆ ಕಪ್ಪಗಾಗಿದೆ, ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ." ಪುಟ್ಟಿ ಅಕ್ಕನ ಮಗಳು, ಹದಿನಾರು ವರ್ಷ, ಮೊದಲ ಪಿಯುಸಿ. ಹಿಂದಿನಿಂದ ಅಮ್ಮ, "ಮುಂದೆ ಮಕ್ಕಳಾಗತ್ತೋ ಇಲ್ವೋ" ಅಂತ ಅಳೋದು ಕೇಳಿಸ್ತಿತ್ತು. ಶುಕ್ರವಾರ ಆಫೀಸಿಂದ ನೇರ ರೈಲು ಹತ್ತಿದೆ.

ಡಾಕ್ಟರಮ್ಮ ತುಂಬಾ ಸಮಾಧಾನದವರು. ಸ್ಕ್ಯಾನ್ ನೋಡಿ ಈ ವಯಸ್ಸಿನ ಹುಡುಗಿಗೆ ಪಿಸಿಓಎಸ್ ಅನ್ನೋ ಹಣೆಪಟ್ಟಿ ಹಚ್ಚಲ್ಲ ಅಂದರು. ಹದಿಹರೆಯದವರಲ್ಲಿ ಆ ಸ್ಕ್ಯಾನನ್ನು ನೆಚ್ಚಬಾರದು ಅಂತ 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತಂತೆ. ಕತ್ತಿನ ಕಪ್ಪು ಕೊಳೆಯಲ್ಲ, ಇನ್ಸುಲಿನ್ ಹೆಚ್ಚಾಗಿರೋದರ ಗುರುತು. ಇನ್ಸುಲಿನ್ ಏರಿದರೆ ಅಂಡಾಶಯದಲ್ಲಿ ಗಂಡು ಹಾರ್ಮೋನು ಜಾಸ್ತಿಯಾಗಿ ಮುಟ್ಟು ತಪ್ಪಬಹುದು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಬರೀ 9. 20ಕ್ಕಿಂತ ಕೆಳಗಿದ್ದರೇ ಕೊರತೆ!

ದಾವಣಗೆರೆ ಬಿಸಿಲಿನಲ್ಲಿ ಬಿಸಿಲಿನ ವಿಟಮಿನ್ ಇಲ್ಲ ಅಂದ್ರೆ? ನಗು ಬಂತು. ಆಮೇಲೆ ಕೂತು ಓದಿದೆ. 2016-18ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ 10ರಿಂದ 19ರ ವಯಸ್ಸಿನವರಲ್ಲಿ ಶೇ. 24 ಮಂದಿಗೆ ಇದು 12ಕ್ಕಿಂತಲೂ ಕಮ್ಮಿ ಇತ್ತು. ಚರ್ಮ ಈ ವಿಟಮಿನ್ ಮಾಡೋಕೆ ಬೇಕಾದ ಕಿರಣ ಕಿಟಕಿ ಗಾಜು ದಾಟಲ್ಲ. ನಮ್ಮ ಸಸ್ಯಾಹಾರಿ ಅಡುಗೆಯಲ್ಲಂತೂ ಇದು ಇಲ್ಲವೇ ಇಲ್ಲ ಅನ್ನಬಹುದು.

ಡಾಕ್ಟರು ವಾರಕ್ಕೊಂದರಂತೆ ಎಂಟು ವಾರಕ್ಕೆ 60,000 ಯೂನಿಟ್ಟಿನ ಪುಡಿ ಬರೆದುಕೊಟ್ಟರು. "ಇದು ಕುಡಿದ್ರೆ ಮುಟ್ಟು ಸರಿಹೋಗತ್ತಲ್ವಾ?" ಅಂತ ಅಕ್ಕ. ಮೂಳೆಗೆ ಖಂಡಿತ ಬೇಕು, ಮೂಳೆ ತುಂಬಿಕೊಳ್ಳೋ ವಯಸ್ಸೇ ಇದು. ಮುಟ್ಟಿನ ಬಗ್ಗೆ ಮಾತು ಕೊಡಲ್ಲ ಅಂದರು ಡಾಕ್ಟರು. ಡಿ ಕಮ್ಮಿ ಇರೋದು, ತೂಕ, ಇನ್ಸುಲಿನ್ ಮೂರೂ ಒಟ್ಟಿಗೆ ಕಾಣಿಸ್ಕೊಳ್ತವೆ, ಆದರೆ ಒಂದರಿಂದಲೇ ಇನ್ನೊಂದು ಅಂತ ಸಾಬೀತಾಗಿಲ್ಲ. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ಡಿ ಅಲ್ಲೇ ಸೇರಿಕೊಂಡು ರಕ್ತದಲ್ಲಿ ಕಮ್ಮಿ ಕಾಣುತ್ತೆ. ನಮ್ಮ ಕೆಲಸದಲ್ಲೂ ಹೀಗೇ. ಲಾಗಿನಲ್ಲಿ ಮೂರು ಎರರ್ ಒಟ್ಟಿಗೆ ಬಂದರೆ ಒಂದನ್ನೊಂದು ದೂರುವ ಮೊದಲು ಮೂಲ ಹುಡುಕ್ಬೇಕು.

ಮೂಲ ಹುಡುಕಿದೆ. ಬೆಳಗ್ಗೆ ಆರಕ್ಕೆ ಟ್ಯೂಷನ್, ಆಮೇಲೆ ಕಾಲೇಜು, ಮತ್ತೆ ಟ್ಯೂಷನ್, ರಾತ್ರಿ ಹತ್ತರವರೆಗೆ ಕೂತಿದ್ದಲ್ಲೇ ಓದು. ಇವಳೇ ಹನ್ನೆರಡನೇ ವಯಸ್ಸಿನವರೆಗೆ ಬೀದಿಯ ಹುಡುಗರ ಜೊತೆ ಕ್ರಿಕೆಟ್ ಆಡಿ ಕಿಟಕಿ ಒಡೆದವಳು! ದೊಡ್ಡವಳಾದ ಮೇಲೆ ಬೀದಿಗಿಳಿದಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಮುಂಚೆ, "ಬಾರೇ, ತಾರಸಿ ಮೇಲೆ ಶಟಲ್ ಆಡೋಣ" ಅಂದೆ. ಮುಖ ನೋಡಿದಳು. "ಬಿಸಿಲಿಗೆ ಹೋಗ್ಬೇಡ್ವೇ, ಕಪ್ಪಾಗ್ತೀಯ ಅಂತ ನೀನೇ ಹೇಳಿದ್ದಲ್ವಾ ಚಿಕ್ಕಿ?"

ಹೌದು. ಅವಳ ಆರತಿಯ ದಿನ, ಸಂಬಳದಲ್ಲಿ ತಂದ ಬೆಳ್ಳಗಾಗೋ ಕ್ರೀಮು ಕೈಗಿಟ್ಟು ಹೇಳಿದ್ದೆ. ಎಲ್ಲರೂ ನಕ್ಕಿದ್ರು. ನನಗೆ ಮರೆತೇಹೋಗಿತ್ತು, ಅವಳಿಗೆ ಮರೆತಿರಲಿಲ್ಲ.

"ತಪ್ಪು ಹೇಳಿದ್ದೆ ಕಣೇ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ರ‍್ಯಾಕೆಟ್ ತಗೊಂಡಳು. ಇಪ್ಪತ್ತು ನಿಮಿಷ ಆಡಿದ್ವಿ, ಮೂರೂ ಆಟ ನಾನೇ ಸೋತೆ :)

ಮುಟ್ಟು ಇನ್ನೂ ಬಂದಿಲ್ಲ, ಮುಂದಿನ ವಾರ ಮತ್ತೆ ಡಾಕ್ಟರ ಹತ್ರ ಹೋಗ್ಬೇಕು. ಸಂಜೆ ಟ್ಯೂಷನ್ ಒಂದನ್ನ ಅಕ್ಕ ಬಿಡಿಸಿದಾಳೆ. ನನ್ನದೂ ಡಿ ಪರೀಕ್ಷೆ ಮಾಡಿಸಿದೆ, 11 ಬಂದಿದೆ. ಏಸಿ ಆಫೀಸಿನ ಗಾಜಿನ ಪಕ್ಕ ಕೂತು ಇದನ್ನ ಬರೀತಿದೀನಿ...