ಒಡೆಯರಪಾಳ್ಯದ ಮೊಮೊ, ಥುಕ್ಪಾ

ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿ 1970ರ ದಶಕದಲ್ಲಿ ನೆಲೆಗೊಂಡ ಧೋಂಡೆನ್‌ಲಿಂಗ್ ಎಂಬ ಟಿಬೆಟನ್ ನಿರಾಶ್ರಿತರ ವಸತಿಪ್ರದೇಶದ ಸಣ್ಣ ಹೋಟೆಲುಗಳು, ಪರನಾಡಿನ ಊಟವೊಂದು ಸ್ಥಳೀಯರ ನಾಲಿಗೆಗೆ ಒಗ್ಗುವ ಬಗೆಯನ್ನು ತೋರಿಸುತ್ತವೆ. ಹಿಟ್ಟಿನ ತೆಳುಹಾಳೆಯೊಳಗೆ ಮಾಂಸವನ್ನೋ ತರಕಾರಿಯನ್ನೋ ತುಂಬಿ, ಅಂಚಿಗೆ ನೆರಿಗೆ ಹಿಡಿದು ಹಬೆಯಲ್ಲಿ ಬೇಯಿಸುವ ಮೊಮೊ, ಕಡುಬು ತಿಂದು ಬಲ್ಲವರಿಗೆ ಬೇಗ ಹಿಡಿಸುತ್ತದೆ. ಆದರೆ ಶ್ಯಾವಿಗೆಯಂಥ ಎಳೆಗಳನ್ನು ತಿಳಿಸಾರಿನಲ್ಲಿ ಬೇಯಿಸಿದ ಥುಕ್ಪಾ, ರಾಗಿಮುದ್ದೆಯನ್ನು ಖಾರದ ಮಸಾಲೆಸಾರಿನಲ್ಲಿ ಅದ್ದಿ ನುಂಗುವವರಿಗೆ ಮೊದಲು ಸಪ್ಪೆಯೆನಿಸಬಹುದು. ಜೊತೆಗೆ ಕೊಡುವ ಮೆಣಸಿನಕಾಯಿಯ ಕೆಂಪು ಚಟ್ನಿಯೇ ಈ ಅಂತರವನ್ನು ತುಂಬುತ್ತದೆ: ಖಾರದ ಪ್ರಮಾಣವನ್ನು ಅಡುಗೆಯವರು ನಿಶ್ಚಯಿಸದೆ ಉಣ್ಣುವವರಿಗೇ ಬಿಡುವುದರಿಂದ ಮೂಲರುಚಿಯೂ ಕೆಡುವುದಿಲ್ಲ, ಗಿರಾಕಿಯೂ ಮುನಿಯುವುದಿಲ್ಲ.