ರೈತಮಿತ್ರ ಕಾಡಿಗೂ ಮಿತ್ರನಾ?

ಎರೆಹುಳುವಿನ ಬಗ್ಗೆ ನಮ್ಮಲ್ಲಿ ಯಾರಾದ್ರೂ ಕೆಟ್ಟದಾಗಿ ಮಾತಾಡಿದ್ದು ಕೇಳಿದೀರಾ? ಶಾಲೆ ಪುಸ್ತಕದಿಂದ ಕೃಷಿಮೇಳದ ಭಾಷಣದವರೆಗೂ ಅದು ‘ರೈತಮಿತ್ರ’. ನನ್ನ ತೋಟದಲ್ಲೂ ಎರಡು ಎರೆಗೊಬ್ಬರದ ತೊಟ್ಟಿ ಇವೆ, ಅಡಿಕೆ ಬುಡಕ್ಕೆ ಅದೇ ಗೊಬ್ಬರ. ಅದನ್ನ ನಿಲ್ಲಿಸೋ ಯೋಚನೆ ಏನೂ ಇಲ್ಲ. ಆದ್ರೆ ಈ ಮಿತ್ರನಿಗೆ ಇನ್ನೊಂದು ಮುಖ ಇದೆ, ಅದನ್ನ ಈಗಲೇ ಬರೀಬೇಕಾಗಿದೆ.

ಯಾಕಂದ್ರೆ ಈ ಸಲ ಗಿಡ ನೆಡೋ ಕಾರ್ಯಕ್ರಮದ ಜೊತೆಗೆ ನಮ್ಮೂರ ಹುಡುಗರು ಹೊಸ ಯೋಜನೆ ಹಾಕಿದಾರೆ. “ಅಣ್ಣ, ನಿಮ್ಮ ತೊಟ್ಟಿಯಿಂದ ನಾಲ್ಕು ಬುಟ್ಟಿ ಹುಳ ಕೊಡಿ, ಕಾನಿಗೆ ಬಿಡ್ತೀವಿ, ಕಾಡಿನ ಮಣ್ಣೂ ಫಲವತ್ತಾಗ್ಲಿ” ಅಂದ್ರು. ಕೊಡಲ್ಲ ಅಂದೆ. ಅವರಿಗೆ ಬೇಜಾರಾಯ್ತು. ಕಾರಣ ನಿಂತಲ್ಲೇ ಹೇಳಿ ಮುಗಿಸೋವಷ್ಟು ಚಿಕ್ಕದಲ್ಲ.

ಅಮೆರಿಕದ ಮಿನ್ನೆಸೋಟದಲ್ಲಿ ನನ್ನ ಅಕ್ಕನ ಮಗಳಿದಾಳೆ. ಅಲ್ಲಿ ಗಾಳ ಹಾಕೋರಿಗೆ ‘ಉಳಿದ ಎರೆಹುಳು ನೆಲಕ್ಕೆ ಚೆಲ್ಲಬೇಡಿ, ಕಸದ ಡಬ್ಬಿಗೆ ಹಾಕಿ’ ಅಂತಾರಂತೆ. ಅವಳು ಹೇಳಿದ ಮೇಲೆ ನಾನು ಹುಡುಕಿ ಓದಿದೆ.

ಹಿಮಯುಗದಲ್ಲಿ ಆ ಭಾಗದ ಮೇಲೆ ದಪ್ಪನೆಯ ಹಿಮದ ಹಾಸು ಕೂತಿತ್ತು. ಅದು ಸರಿದು ಹತ್ತು ಸಾವಿರ ವರ್ಷದ ಮೇಲಾಯ್ತು. ಆಮೇಲೆ ಕಾಡು ಮತ್ತೆ ಬೆಳೀತು, ಎರೆಹುಳು ಮಾತ್ರ ಬರಲಿಲ್ಲ. ತಾನಾಗೇ ಹೋದ್ರೆ ಅದು ವರ್ಷಕ್ಕೆ ಕೆಲವೇ ಮೀಟರ್ ಹರಡೋದು. ಹಾಗಾಗಿ ಅಲ್ಲಿ ಉದುರಿದ ಎಲೆ ಕೊಳೆಸೋ ಕೆಲಸ ಶಿಲೀಂಧ್ರ ಮತ್ತು ಸಣ್ಣ ಕೀಟಗಳದ್ದು. ಅವು ನಿಧಾನಕ್ಕೆ ಮಾಡ್ತವೆ. ನೆಲದ ಮೇಲೆ ಹಾಸಿಗೆಯಂಥ ದರಗಿನ ಪದರ ನಿಂತಿತು, ಅಲ್ಲಿನ ಗಿಡಗಳು ಆ ಹಾಸಿಗೆಗೇ ಒಗ್ಗಿಕೊಂಡವು.

ಯುರೋಪಿನವರು ಬಂದಾಗ ಗಿಡದ ಬೇರಿನ ಮಣ್ಣು, ಹಡಗಿನ ಭಾರಕ್ಕೆ ತುಂಬಿದ ಮಣ್ಣು, ಇವುಗಳ ಜೊತೆ ಹುಳುವೂ ಬಂತು. ಆಮೇಲೆ ಗಾಳದ ಡಬ್ಬಿಯಲ್ಲಿ ಕೆರೆ ಕೆರೆಗೂ ಹೋಯ್ತು. ಮಿನ್ನೆಸೋಟದ ಚಿಪ್ಪೆವಾ ರಾಷ್ಟ್ರೀಯ ಅರಣ್ಯದಲ್ಲಿ ಸಿಂಡಿ ಹೇಲ್ ಮತ್ತು ಸಂಗಡಿಗರು ಹುಳು ಮುಂದುವರಿಯೋ ಅಂಚನ್ನೇ ಹಿಡಿದು ಅಧ್ಯಯನ ಮಾಡಿದಾರೆ. ಅಂಚಿನ ಆಚೆ ದಪ್ಪ ದರಗು, ತುಂಬಾ ಸಣ್ಣ ಗಿಡ. ಈಚೆ ಬರೀ ಕಪ್ಪು ಮಣ್ಣು.

ಹುಳು ಅಲ್ಲಿ ಮಾಡಿದ್ದು ನಮ್ಮ ತೋಟದಲ್ಲಿ ಮಾಡೋ ಕೆಲಸವೇ: ಎಲೆ ತಿಂದು ಮಣ್ಣಿಗೆ ಬೆರೆಸೋದು. ತೋಟಕ್ಕೆ ಬೇಗ ಕೊಳೀಬೇಕು, ಆ ಕಾಡಿಗೆ ನಿಧಾನಕ್ಕೆ ಕೊಳೀಬೇಕು. ದರಗು ಹೋದ್ರೆ ಬೀಜ ಮೊಳೆಯೋ ಜಾಗ ಹೋಯ್ತು, ಅದರಲ್ಲಿ ಹರಡಿದ್ದ ಬೇರು ಒಣಗ್ತು, ಬೇರಿಗೆ ಆಹಾರ ತಂದುಕೊಡೋ ಶಿಲೀಂಧ್ರದ ಎಳೆ ಹರೀತು. ಮೂರೆಲೆ ಮೂರೆಸಳಿನ ಟ್ರಿಲಿಯಂ, ಶುಗರ್ ಮೇಪಲ್ ಮರದ ಸಸಿ, ಇವೆಲ್ಲ ಕಡಿಮೆ ಆದವು. ಗಾಬ್ಲಿನ್ ಫರ್ನ್ ಅಂತ ಒಂದು ಪುಟ್ಟ ಜರೀಗಿಡ ಇದೆ, ಅದರ ಬದುಕೇ ದರಗಿನೊಳಗೆ. ಹುಳು ಬಂದ ಕಡೆ ಅದು ಕಾಣೆಯಾಯ್ತು. ಉಳಿದ ನಾಲ್ಕು ಸಸಿಯನ್ನ ಜಿಂಕೆ ಮೇಯ್ತವೆ. ಖಾಲಿ ಜಾಗಕ್ಕೆ ಹುಲ್ಲಿನಂಥ ಜೇಕು ಹಬ್ಬುತ್ತೆ. ದೊಡ್ಡ ಮರ ನಿಂತೇ ಇರೋದ್ರಿಂದ ದೂರದಿಂದ ನೋಡಿದೋರಿಗೆ ಕಾಡು ಹಸಿರಾಗೇ ಕಾಣುತ್ತೆ. ಆ ಮರಕ್ಕೆ ಮರಿ ಇಲ್ಲ ಅನ್ನೋದು ಬಗ್ಗಿ ನೋಡಿದ್ರೆ ಗೊತ್ತಾಗೋದು. ಕಾಡಿನಿಂದ ಹುಳು ವಾಪಸ್ ತೆಗೆಯೋ ದಾರಿಯೂ ಇಲ್ಲ.

ನಮ್ಮ ಮಲೆನಾಡು ಹಿಮದಡಿ ಇದ್ದ ನೆಲ ಅಲ್ಲ. ಇಲ್ಲಿ ನಮ್ಮದೇ ಎರೆಹುಳು ಬೇಕಾದಷ್ಟು ಜಾತಿ ಇವೆ, ನಮ್ಮ ಗಿಡಮರ ಅವುಗಳ ಜೊತೆಗೇ ಬೆಳೆದವು. ಅಲ್ಲಿ ಆಗಿದ್ದು ಇಲ್ಲಿ ಹಾಗೇ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಆದ್ರೆ ತೊಟ್ಟಿಯ ಹುಳು ನಮ್ಮ ಕಾನಿಂದಲ್ಲ. ಯೂಡ್ರಿಲಸ್ ಆಫ್ರಿಕಾದ್ದು, ಐಸೀನಿಯಾ ಯುರೋಪಿಂದು. ಪಾಂಟೊಸ್ಕೋಲೆಕ್ಸ್ ಅನ್ನೋ ದಕ್ಷಿಣ ಅಮೆರಿಕದ ಹುಳು ಪಶ್ಚಿಮಘಟ್ಟದ ತೋಟಗಳಲ್ಲಿ ಆಗಲೇ ಊರಿಬಿಟ್ಟಿದೆ. ತೊಟ್ಟಿ ಹುಳುಗೆ ಸಗಣಿ, ಕಳಿತ ಕಸ ಬೇಕು. ಕಾನಿಗೆ ಬಿಟ್ರೆ ಒಂದೋ ಸಾಯ್ತವೆ, ನಾಲ್ಕು ಬುಟ್ಟಿ ದಂಡ. ಇಲ್ಲಾಂದ್ರೆ ಬದುಕ್ತವೆ, ಆಗ ಹಿಡಿದು ತರೋರು ಯಾರು?

ಕಾನಿಗೆ ನಿಜವಾಗಿ ಏನಾದ್ರೂ ಮಾಡಬೇಕು ಅಂದ್ರೆ ದರಗು ಬಿಡಿ. ಕೊಟ್ಟಿಗೆಗೆ, ತೋಟಕ್ಕೆ ಅಂತ ಬೇಸಿಗೆಯಲ್ಲಿ ಗುಡಿಸ್ತೀವಲ್ಲ, ಒಂದಷ್ಟು ಜಾಗ ಸರದಿ ಪ್ರಕಾರ ಮುಟ್ಟದೆ ಇಟ್ರೆ ಸಾಕು. ಅಲ್ಲಿ ಹುಳು ಖಾಲಿ ಮಾಡಿದ ಹಾಸಿಗೆಯನ್ನ ಇಲ್ಲಿ ಪೊರಕೆ ಖಾಲಿ ಮಾಡೋದು ಬೇಡ. ಇನ್ನು, ಕಾನಂಚಿಗೆ ನೆಡೋ ಸಸಿ ದೂರದ ನರ್ಸರಿಯಿಂದ ತರೋ ಬದಲು ಅಲ್ಲಿನದೇ ಬೀಜ, ಅಲ್ಲಿನದೇ ಮಣ್ಣಲ್ಲಿ ಎಬ್ಬಿಸೋದು ಒಳ್ಳೇದು. ಹುಳು ಬರೋದು ಮಣ್ಣಿನ ಜೊತೆಗೇ.

ನಿಮ್ಮ ಕಡೆ ಕಾನು, ಬೆಟ್ಟ ಇದ್ರೆ ಒಂದು ಕಡೆ ಕೈ ಹಾಕಿ ದರಗು ಎಷ್ಟು ಬೆರಳು ದಪ್ಪ ಇದೆ, ಅದರಡಿ ಎಷ್ಟು ಸಸಿ ಮೊಳೆತಿದೆ ನೋಡಿ ಬರೀರಿ. ನಾನೂ ನಮ್ಮ ಕಾನಿನ ಲೆಕ್ಕ ಹಾಕ್ತೀನಿ.